ಕೈ ಚೌಬೀಸ್, ಕಾಲು ಬೀಸ್

ಕೂತಾಗ ನಾನು ಎತ್ತರದ ಮನುಷ್ಯ. ತೊಂದರೆ ಶುರುವಾಗುವುದು ಎದ್ದಾಗ. ಬಸ್ಸಿನಲ್ಲಿ ಪಕ್ಕದವರು ನನ್ನ ಭುಜ ನೋಡಿ ಮರ್ಯಾದೆಯಿಂದ ತುಸು ಸರಿದು ಜಾಗ ಕೊಡುತ್ತಾರೆ. ಇಳಿಯುವ ಊರು ಬಂದು ನಾನು ಎದ್ದು ನಿಂತರೆ, ಇವನಿನ್ನೂ ಪೂರ್ತಿ ಎದ್ದಿಲ್ಲ ಅಂದುಕೊಂಡು ಕಾಯುತ್ತಾರೆ. ದೇವರ ಕಾರ್ಖಾನೆಯಲ್ಲಿ ಮೇಲಿನ ಅರ್ಧವನ್ನು ಯಾರಿಗೋ ಅಂತ ಮಾಡಿಟ್ಟಿದ್ದರು, ಕೆಳಗಿನ ಅರ್ಧವನ್ನು ಇನ್ಯಾರಿಗೋ. ಸಂಜೆ ಬಾಗಿಲು ಹಾಕುವ ಗಡಿಬಿಡಿಯಲ್ಲಿ ಎರಡನ್ನೂ ಜೋಡಿಸಿ ನಮ್ಮೂರು ಹೆಬಳೆಗೆ ಕಳಿಸಿಬಿಟ್ಟಿರಬೇಕು. ಕೈಗಳು ಮೂರನೆಯವನದ್ದು. ನೆಟ್ಟಗೆ ನಿಂತೇ ಮೊಣಕಾಲು ಕೆರೆದುಕೊಳ್ಳಬಲ್ಲೆ. ಬಾಗುವ ಕಷ್ಟ ನನಗೆ ಯಾವತ್ತೂ ಬಂದಿಲ್ಲ.

ಇಂಥ ದೇಹ ಇರುವವನಿಗೆ ಎರಡು ದಾರಿ. ಊರು ನಗುವ ಮೊದಲೇ ತಾನೇ ನಗಿಸಿಬಿಡುವುದು ಒಂದು. ಇನ್ನೊಂದು ಯಾವುದೆಂದು ನನಗೆ ಗೊತ್ತಿರಲಿಲ್ಲವಾದ್ದರಿಂದ ಮೊದಲನೆಯದನ್ನೇ ಹಿಡಿದೆ. ಭಟ್ಕಳದ ಹೆಂಚಿನ ಡಿಪೋದಲ್ಲಿ ನಾನು ಗುಮಾಸ್ತ. ಸಂಜೆ ಡಿಪೋದ ಎದುರಿನ ಚಾದ ಅಂಗಡಿಯಲ್ಲಿ ನನ್ನ ನಿಜವಾದ ಉದ್ಯೋಗ ಶುರುವಾಗುತ್ತಿತ್ತು. ಡಿಪೋ ಧಣಿ ಸೀನುವ ಮೊದಲು ಮುಖ ಹಿಂಡುವುದು, ಕಂಡಕ್ಟರ್ ಟಿಕೆಟ್ ಹರಿಯುವಾಗ ತುಟಿ ಕಚ್ಚುವುದು, ಅಂಚೆಯವರು ಮನಿಯಾರ್ಡರ್ ತಂದ ದಿನ ಬೇರೆ ನಡೆಯುವುದು, ಬರೀ ಕಾಗದ ತಂದ ದಿನ ಬೇರೆ ನಡೆಯುವುದು, ಎಲ್ಲದರ ಅಣಕ ತೆಗೆದು ತೋರಿಸುತ್ತಿದ್ದೆ. ಧಣಿಯ ಮುಂದೆ ನಾನು ರಜೆ ಕೇಳುವ ಪಾಡನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಹೆಚ್ಚು ನಗು ಬೀಳುತ್ತಿತ್ತು.

ಒಂದನ್ನು ಮಾತ್ರ ನಾನು ತೋರಿಸುತ್ತಿರಲಿಲ್ಲ: ನಾನು ಸೈಕಲ್ ತುಳಿಯುವ ರೀತಿ. ಹೆಬಳೆಯಿಂದ ಪೇಟೆಗೆ ಅಪ್ಪನ ಹಳೆಯ ಕಪ್ಪು ಸೈಕಲ್ಲಿನಲ್ಲಿ ಬರುತ್ತಿದ್ದೆ. ಅಪ್ಪ ಉದ್ದ ಕಾಲಿನವರು. ಪೆಡಲ್ ಕೆಳಗೆ ಹೋದಾಗ ಅದನ್ನು ಹಿಂಬಾಲಿಸಲು ನಾನು ಸೊಂಟವನ್ನೇ ಆ ಕಡೆ ಇಳಿಸಬೇಕು. ಅದು ಮೇಲೆ ಬರುವಷ್ಟರಲ್ಲಿ ಇನ್ನೊಂದು ಕೆಳಗೆ ಹೋಗಿರುತ್ತದೆ, ಸೊಂಟ ಆ ಕಡೆ. ಹಿಂದಿನಿಂದ ನೋಡಿದವರು ನನಗೆ ‘ತೊಟ್ಟಿಲು’ ಅಂತ ಹೆಸರಿಟ್ಟಿದ್ದರು. ಗದ್ದೆಯಲ್ಲಿ ಕೆಲಸ ಮಾಡುವವರು ನಾನು ಹಾದುಹೋಗುವಾಗ ಸೊಂಟ ನೆಟ್ಟಗೆ ಮಾಡಿ, “ಜೋ ಜೋ” ಅನ್ನುತ್ತಿದ್ದರು. ನಾನೂ ಕೈಯೆತ್ತಿ ನಗುತ್ತಿದ್ದೆ. ನಾನಾಗಿ ಮಾಡಿದ ತಮಾಷೆಗೆ ಜನ ನಗುವುದು ಬೇರೆ, ಮಾಡದೆ ಇದ್ದದ್ದಕ್ಕೆ ನಗುವುದು ಬೇರೆ.

ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದಿಂದ ಬಡಗಣಕ್ಕೆ ಹೋದ ರಸ್ತೆ ಕಾಸರಕೋಡಿನ ದಡದಲ್ಲಿ ನಿಂತುಬಿಡುತ್ತಿತ್ತು. ಆಚೆ ದಡ ಹೊನ್ನಾವರ, ದೋಣಿ ಹತ್ತಬೇಕು. ಊರ ಹುಡುಗರು ವರ್ಷಕ್ಕೊಮ್ಮೆ ಭಟ್ಕಳದಿಂದ ಈ ದಡದವರೆಗೆ ಸೈಕಲ್ ಪಂದ್ಯ ಇಡುತ್ತಿದ್ದರು. ರಸ್ತೆ ಮುಗಿದಲ್ಲಿ ಪಂದ್ಯ ಮುಗಿಯಿತು, ಬೇರೆ ಗುರುತು ಬೇಡ.

ಹಿಂದಿನ ವರ್ಷ ಗೆದ್ದವನು ಶಿರಾಲಿಯ ಒಬ್ಬ ಕಾಯಿ ವ್ಯಾಪಾರಿ. ಗೆದ್ದವನ ಕತ್ತು ಆಮೇಲೆ ಒಂದು ವರ್ಷ ಹೇಗಿರುತ್ತದೆ ಅನ್ನುವುದನ್ನು ನಾನು ಒಂದು ಸಂಜೆ ಚಾದ ಅಂಗಡಿಯ ಬೆಂಚನ್ನೇ ಸೈಕಲ್ ಮಾಡಿಕೊಂಡು ತೋರಿಸುತ್ತಿದ್ದೆ. ಬೆನ್ನು ಬಗ್ಗಿಸಿ, ಮೂಗು ಮುಂದೆ ಮಾಡಿ, ದಾರಿ ಬದಿಯವರಿಗೆ ಕಣ್ಣಿನಲ್ಲೇ ಆಶೀರ್ವಾದ ಮಾಡುತ್ತ. ನಗು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ತಿರುಗಿದರೆ ಶಿರಾಲಿಯವನು ಬಾಗಿಲಲ್ಲೇ ನಿಂತಿದ್ದ.

“ಬೆಂಚು ಚಲೋ ಓಡಿಸ್ತ್ಯಲ್ಲ ಮಾರಾಯಾ,” ಅಂದ. ಸಿಟ್ಟಿರಲಿಲ್ಲ. “ಈ ಸಲ ರಸ್ತೆ ಮೇಲೆ ಓಡ್ಸು. ಪಂದ್ಯಕ್ಕೆ ನಿನ್ ಹೆಸ್ರು ಕೊಡಲಾ?”

“ಕೊಡು,” ಅಂದೆ. ನನ್ನ ಬಾಯಿ ಯಾವತ್ತೂ ನನ್ನ ಕಾಲಿಗಿಂತ ಮುಂದೆ.

ಅಂಗಡಿ ತುಂಬ ನಗು. ಯಾರೋ, “ತೊಟ್ಟಿಲಿಗೆ ಬೆಲ್ ಕಟ್ರೋ!” ಅಂದರು. ನಾನೂ ನಕ್ಕೆ. ಮನೆಗೆ ಹೋಗುವಾಗ ಸೈಕಲ್ ಹತ್ತಲು ಮನಸ್ಸಾಗದೆ ತಳ್ಳಿಕೊಂಡು ಹೋದೆ. ಗೆಲ್ಲುವ ಆಸೆ ಇರಲಿಲ್ಲ. ಕಾಸರಕೋಡಿನವರೆಗೆ ಒಂದೇ ಒಂದು ಸಲ, ಯಾರೂ ನಗದ ಹಾಗೆ ಸೈಕಲ್ ತುಳಿದುಕೊಂಡು ಹೋಗಬೇಕು. ಅಷ್ಟೇ ಬೇಕಾಗಿತ್ತು. ಅದಕ್ಕೆ ನನಗೆ ಹೊಂದುವ ಸೈಕಲ್ ಬೇಕು.

ಪೇಟೆಯಲ್ಲಿ ಬಾಡಿಗೆ ಸೈಕಲ್ ಇಟ್ಟಿದ್ದ ಸಾಹೇಬರು ನಮಗೆಲ್ಲ ಸೈಕಲ್ ವಿಷಯದಲ್ಲಿ ಕೊನೆಯ ಕೋರ್ಟು. ಅವರ ಮನೆಮಾತು ನವಾಯತಿ, ವ್ಯಾಪಾರ ಕನ್ನಡದಲ್ಲಿ, ಲೆಕ್ಕ ಮಾತ್ರ ಉರ್ದುವಿನಲ್ಲಿ. ಕರಾವಳಿಯ ಎಲ್ಲ ಸೈಕಲ್ ಅಂಗಡಿಗಳಂತೆ ಅವರದ್ದೂ ಕಂಕುಳ ಅಳತೆ. ಸೈಕಲ್ಲಿನ ಪಕ್ಕ ನಿಂತು ಸೀಟನ್ನು ಕಂಕುಳಿಗೆ ಒತ್ತಿ ಕೈಯನ್ನು ಕೆಳಗೆ ಚಾಚಬೇಕು. ಪೆಡಲ್ ತಿರುಗುವ ಅಚ್ಚಿಗೆ ನಡುಬೆರಳು ಮುಟ್ಟಿದರೆ ಆ ಸೈಕಲ್ ನಿಮ್ಮದು. ಅಪ್ಪಂದಿರು ಮಕ್ಕಳಿಗೆ, ಮಾವಂದಿರು ಅಳಿಯಂದಿರಿಗೆ ಹೀಗೇ ಅಳೆದು ಕೊಡಿಸಿದ್ದರು.

ನನ್ನ ಬೆರಳು ಇಪ್ಪತ್ತೆರಡು ಇಂಚಿನ ಸೈಕಲ್ಲಿನ ಅಚ್ಚನ್ನು ದಾಟಿ ಹೋಯಿತು. ಇಪ್ಪತ್ನಾಲ್ಕರದಕ್ಕೆ ಸರಿಯಾಗಿ ಕೂತಿತು. ಸಾಹೇಬರಿಗೆ ಖುಷಿ. “ಚೌಬೀಸ್! ಹತ್ತು, ಹತ್ತು.”

ಹತ್ತಿದೆ. ಎರಡೂ ಪಾದ ಗಾಳಿಯಲ್ಲಿ ಪೆಡಲ್ ಹುಡುಕತೊಡಗಿದವು. ಸಾಹೇಬರು ಒಂದು ಸುತ್ತು ಬಂದು ನೋಡಿದರು. ಮತ್ತೆ ಕೈ ಅಳೆದರು. ಮತ್ತೆ ಕಾಲು ನೋಡಿದರು.

“ಅರೆ, ಇದು ಹೇಗೆ? ಕೈ ಚೌಬೀಸ್, ಕಾಲು ಬೀಸ್!”

“ಇಪ್ಪತ್ನಾಲ್ಕರ ಕೈಗೆ ಕೊಡ್ತೀರೋ, ಇಪ್ಪತ್ತರ ಕಾಲಿಗೆ ಕೊಡ್ತೀರೋ ಸಾಹೇಬ್ರೇ?”

“ನೋಡಪ್ಪಾ, ಅಳತೆ ಬರಾಬರ್ ಇದೆ. ಅಳತೆ ತಪ್ಪಿಲ್ಲ. ನೀನು ತಪ್ಪಿದ್ದೀ.” ಸ್ವಲ್ಪ ಯೋಚಿಸಿ, “ನಡುವೆ ಬಾರ್ ಇಲ್ಲದ ಹೆಂಗಸರ ಸೈಕಲ್ ಒಂದು ಉಂಟು,” ಅಂದರು.

“ಅದಕ್ಕೆ ಸೀರೆಯನ್ನೂ ನೀವೇ ಬಾಡಿಗೆಗೆ ಕೊಡ್ತೀರಾ?” ಅಂದು ಹೊರಬಿದ್ದೆ.

ಅಕ್ಕನನ್ನು ಕುಮಟೆಗೆ ಮದುವೆ ಮಾಡಿ ಕೊಟ್ಟಿತ್ತು. ಅವಳ ಪಕ್ಕದ ಮನೆಯ ಮಾಮ ಬೊಂಬಾಯಿಯಲ್ಲಿ ರೈಲ್ವೆ ಕಚೇರಿಯಲ್ಲಿದ್ದು ನಿವೃತ್ತರಾಗಿ ಬಂದವರು, ಕೊಂಕಣಿ ಮಂದಿ. ಹರೆಯದಲ್ಲಿ ಅವರೂ ಅವರ ತಮ್ಮನೂ ಅಲ್ಲಿ ಸೈಕಲ್ ಪಂದ್ಯ ಓಡುತ್ತಿದ್ದರಂತೆ. ತಮ್ಮ ಹಡಗಿನ ಕೆಲಸಕ್ಕೆ ಹೋದ ಮೇಲೆ ಎರಡೂ ಸೈಕಲ್ ಮಾಮನ ಜಗುಲಿ ಸೇರಿದ್ದವು. ಭಾನುವಾರ ದೋಣಿ ದಾಟಿ ಬಸ್ಸು ಹಿಡಿದು ಅಕ್ಕನ ಮನೆಗೆ ಹೋದೆ.

ಜಗುಲಿಯ ಜಂತಿಗೆ ಎರಡು ಸೈಕಲ್ ತೂಗುಹಾಕಿತ್ತು. ಒಂದು ಆಕಾಶ ನೀಲಿ. ಉಗುರಿನಿಂದ ತಟ್ಟಿದರೆ ಅದರ ಫ್ರೇಮು ಪೂಜೆಯ ಗಂಟೆಯಷ್ಟು ಹೊತ್ತು ಮೊಳಗುತ್ತಿತ್ತು. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಗೆ ಬಾಗಿತ್ತು. ಇನ್ನೊಂದು ತಮ್ಮನದ್ದು, ಗಿಡ್ಡ ಫ್ರೇಮು, ಬಣ್ಣ ಹೋಗಿ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿತ್ತು. ನೀಲಿಯ ಪಕ್ಕದಲ್ಲಿ ಅದು ಮದುವೆಮನೆಗೆ ಬಂದ ಬಡ ನೆಂಟನ ಹಾಗೆ ಕಾಣುತ್ತಿತ್ತು.

ಮಾಮ ನೀಲಿಯನ್ನು ಮಗು ಇಳಿಸಿದಂತೆ ಇಳಿಸಿದರು. “ಬಾ ಪುತಾ, ಕೈ ಇಡು.” ಅವರದ್ದೂ ಕಂಕುಳ ಅಳತೆಯೇ! ಬೊಂಬಾಯಿಗೆ ಹೋಗಿ ಬಂದರೂ ಅದು ಅವರನ್ನು ಬಿಟ್ಟಿರಲಿಲ್ಲ. ನನ್ನ ಬೆರಳು ಅಚ್ಚಿಗೆ ಸರಿಯಾಗಿ ತಾಗಿತು. ಮಾಮನ ಕಣ್ಣು ಅರಳಿತು. “ಇದು ನನಗೆ ಹೇಳಿ ಮಾಡಿಸಿದ್ದು. ಈಗ ನಿನಗೆ ಹೇಳಿ ಮಾಡಿಸಿದ ಹಾಗೆ ಉಂಟು. ಓಡಿಸಿ ಬಾ, ಮಿಕ್ಕಿದ್ದು ಆಮೇಲೆ.”

ಬಾಗಿಲಲ್ಲಿ ನಿಂತಿದ್ದ ಅಕ್ಕ, “ತಮಾ, ಆ ನಡುವಿನ ಬಾರ್ ನೋಡಿದ್ಯಾ? ನಿನ್ ಪ್ಯಾಂಟ್ ಹೊಲಿಯೂದು ನಾನು,” ಅಂದಳು. “ಒಂದೊಂದ್ರಲ್ಲೂ ಕಾಲು ಕತ್ತರಿಸಿ ಉಳಿದ ಬಟ್ಟೇಲಿ ಅಂಗಿ ತೋಳು ಜೋಡ್ಸಬೌದು.”

“ಸೈಕಲ್ಲಿಗೂ ಪ್ಯಾಂಟಿಗೂ ಎಂತ ಸಂಬಂಧ?”

“ಎಂತದೂ ಇಲ್ಲ. ಹೋಗಿ ಬಾ.”

ಸೀಟನ್ನು ಬಾರಿಗೆ ತಾಗುವಷ್ಟು ಇಳಿಸಿದ್ದಾಯಿತು. ಕಾಲ ತುದಿ ಪೆಡಲಿಗೆ ಹೇಗೋ ಸಿಕ್ಕಿತು. ಜಗುಲಿಯ ಮೆಟ್ಟಿಲಿನಿಂದ ಹತ್ತಿದೆ. ಆಹಾ, ಮೇಲಿನ ಅರ್ಧಕ್ಕೆ ಆ ಸೈಕಲ್ ಸ್ವರ್ಗ. ಬೆನ್ನು ಉದ್ದಕ್ಕೆ ಮಲಗಿತು, ಕೈಗಳು ಜೀವಮಾನದಲ್ಲಿ ಮೊದಲ ಬಾರಿ ಪೂರ್ತಿ ಚಾಚಿಕೊಂಡವು. ಕೆಳಗಿನ ಅರ್ಧ ಏನು ಹೇಳುತ್ತಿದೆ ಎಂದು ನಾನು ಕೇಳಲೇ ಇಲ್ಲ. ಓಡುತ್ತಿರುವವರೆಗೆ ಸೈಕಲ್ ಯಾರದ್ದಾದರೇನು? ಪ್ರಶ್ನೆ ಬರುವುದು ನಿಲ್ಲಿಸುವಾಗ.

ಅದರ ಮೇಲೆಯೇ ಊರಿಗೆ ಹೊರಟವನಿಗೆ ಹೊನ್ನಾವರದ ಬಂದರಿಗೆ ಇಳಿಯುವ ಇಳಿಜಾರಿನಲ್ಲಿ ಆ ಪ್ರಶ್ನೆ ಬಂತು. ದೋಣಿಗೆ ಜನ ಸಾಲುಗಟ್ಟಿ ನಿಂತಿದ್ದರು. ಬ್ರೇಕ್ ಹಿಡಿದೆ, ಸೈಕಲ್ ಸಜ್ಜನ, ನಿಂತಿತು. ಕಾಲು ನೆಲಕ್ಕೆ ಇಡಲು ಹೋದೆ. ನೆಲ ಇರಲಿಲ್ಲ. ಬಾರಿಗೂ ನನಗೂ ನಡುವೆ ನಡೆದದ್ದನ್ನು ಬರೆಯುವುದಿಲ್ಲ. ಗಂಡಸರಿಗೆ ಗೊತ್ತಾಗುತ್ತದೆ, ಹೆಂಗಸರು ಊಹಿಸಿ ನಗಲಿ. ಕಣ್ಣು ಕತ್ತಲೆ ಬಂದು ಸೈಕಲ್ ಸಮೇತ ಪಕ್ಕಕ್ಕೆ ಒರಗಿದವನು ಹೋಗಿ ಬಿದ್ದದ್ದು ಬಳಚು ಎಂಬ ಹೊಳೆಯ ಚಿಪ್ಪು ಮಾರುವ ಹೆಂಗಸಿನ ಬುಟ್ಟಿಯ ಮೇಲೆ. ಚಿಪ್ಪುಗಳು ಇಳಿಜಾರಿನಲ್ಲಿ ಗಲಗಲ ಉರುಳಿ ಹೊಳೆಯ ಕಡೆ ಹೊರಟವು. ಬಂದದ್ದೇ ಅಲ್ಲಿಂದ, ಅವಕ್ಕೆ ದಾರಿ ಗೊತ್ತಿತ್ತು.

ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಕೆಳಗೆ ಬರುವಷ್ಟರಲ್ಲಿ ನೋಟ ಬೇಗ ಮುಗಿಯಿತು.

“ಎಂತಾ ಮಾರಾಯಾ, ಸೈಕಲ್ ತಕಂಬರೂ ಗಡಿಬಿಡೀಲಿ ಕಾಲು ಮನೇಲೇ ಬಿಟ್ ಬಂದ್ಯಾ?”

ಇಡೀ ಬಂದರು ನಕ್ಕಿತು. ದೋಣಿಯವನು ಹುಟ್ಟು ಕೆಳಗಿಟ್ಟು ನಕ್ಕ. ಬಳಚು ಹೆಕ್ಕಿಕೊಡುತ್ತ ಕೂತೆ. ಉದ್ದ ಕೈ ಅದಕ್ಕೆ ಮಾತ್ರ ಚಲೋ. ಹೆಕ್ಕುತ್ತ ಹೆಕ್ಕುತ್ತ ನಗು ಕಿವಿಯಿಂದ ಇಳಿದು ಆಕೆಯ ಮಾತು ತಲೆಗೆ ಹತ್ತಿತು. ಕಾಲು ಮನೆಯಲ್ಲೇ ಬಿಟ್ಟು ಬಂದದ್ದು ನಿಜ. ಸಾಹೇಬರೂ, ಬೊಂಬಾಯಿ ಕಂಡ ಮಾಮನೂ, ನಾನೂ, ನಮ್ಮ ಕರಾವಳಿ ಪೂರ್ತಿ, ಕಾಲಿನಲ್ಲಿ ತುಳಿಯುವ ವಸ್ತುವನ್ನು ಕೈಯಲ್ಲಿ ಅಳೆಯುತ್ತಿದ್ದೆವು. ಕೈಗೂ ಕಾಲಿಗೂ ಸ್ನೇಹ ಇರುವವರಿಗೆ ಅದು ನಡೆಯುತ್ತಿತ್ತು. ನನ್ನಲ್ಲಿ ಅವೆರಡಕ್ಕೂ ಪರಿಚಯವೇ ಇರಲಿಲ್ಲ. ಅಳತೆ ತಪ್ಪಿಲ್ಲ, ನೀನು ತಪ್ಪಿದ್ದೀ ಅಂದಾಗ ನಾನು ನಂಬಿದ್ದೆನಲ್ಲ! ಎಲ್ಲರನ್ನೂ ಅಣಕಿಸುವವನು ಆ ಕಂಕುಳ ಅಳತೆಯನ್ನು ಒಂದು ದಿನವೂ ಅಣಕಿಸಿರಲಿಲ್ಲ.

ದೋಣಿ ಹತ್ತಲಿಲ್ಲ. ನೀಲಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕುಮಟೆಗೆ ವಾಪಸು ಹೋದೆ.

ನನ್ನನ್ನು ನೋಡಿ ಮಾಮನ ಮುಖ ಇಳಿಯಿತು. “ನನ್ನ ನೀಲಿ ಇನ್ನೊಂದು ಸಲ ಓಡುತ್ತದೆ ಅಂದುಕೊಂಡಿದ್ದೆ,” ಅಂದರು. ನನ್ನ ಕಾಲಿನ ಬಗ್ಗೆ ಊರವರು ಎಷ್ಟೆಲ್ಲ ಹೇಳಿದ್ದಾರೆ. ಆದರೆ ಕಾಲು ಇನ್ನು ನಾಲ್ಕು ಬೆರಳು ಉದ್ದವಿರಬೇಕಿತ್ತು ಅಂತ ನನಗೆ ನಿಜಕ್ಕೂ ಅನ್ನಿಸಿದ್ದು ಅವರ ಆ ಮುಖ ನೋಡಿದಾಗ.

ಅಕ್ಕ ಒಳಗಿನಿಂದ ಹೊಲಿಗೆಯ ಟೇಪು ತಂದು, “ನಿಲ್ಲು ನೆಟ್ಟಗೆ,” ಅಂದಳು. ಕಾಲು ಬೇರೆ ಅಳೆದಳು, ಬೆನ್ನು ಬೇರೆ, ಕೈ ಬೇರೆ, ಅಂಗಿಗೂ ಪ್ಯಾಂಟಿಗೂ ಅಳೆಯುವ ಹಾಗೆಯೇ. ನಂತರ ಟೇಪನ್ನು ಹುಣಸೆ ಬಣ್ಣದ ಸೈಕಲ್ಲಿನ ಮೇಲೆ ಇಟ್ಟು, “ಪ್ಯಾಂಟು ಸರಿ ಹೋತು. ಅಂಗಿ ಗಿಡ್ಡ,” ಅಂದಳು.

ಅವಳು ಹೇಳಿದಂತೆಯೇ ಆಯಿತು. ಹತ್ತಿ ಕೂತರೆ ಕಾಲು ಸಲೀಸಾಗಿ ಪೆಡಲಿನ ಜೊತೆ ಕೆಳಗೆ ಹೋಯಿತು. ಸೊಂಟ ಅಲುಗಲಿಲ್ಲ. ಆದರೆ ಹ್ಯಾಂಡಲ್ ಹೊಟ್ಟೆಗೆ ಬಂದು ಕೂತಿತ್ತು; ಮೊಣಕಾಲು ಮೊಣಕೈಗೆ ಬಡಿಯುತ್ತಿತ್ತು. ಬಾಣಲೆಗೆ ಬಿದ್ದ ಸಿಗಡಿಯ ಹಾಗೆ ಮುರುಟಿಕೊಂಡೆ.

ಮಾಮ ಒಲ್ಲದ ಮನಸ್ಸಿನಿಂದ ನೋಡುತ್ತಿದ್ದವರು ಕೇಳಿದರು: “ನೀನು ಯಾರ ವೇಷ ಬೇಕಾದರೂ ಹಾಕುತ್ತೀಯಂತೆ. ಅಕ್ಕ ಹೇಳಿದಳು. ನಾನು ನೀಲಿಯ ಮೇಲೆ ಕೂತಂತೆ ಕೂತು ತೋರಿಸು ನೋಡುವ.” ಅವರು ತಾವೇ ಜಗುಲಿಯ ಬೆಂಚಿನ ಮೇಲೆ ಕೂತು ಒಂದು ಸಲ ತೋರಿಸಿದರು. ಮುದುಕರ ಬೆನ್ನು ಹುಡುಗನದ್ದಾಯಿತು.

ಗಿಡ್ಡ ಸೈಕಲ್ಲಿನ ಮೇಲೆ ನಾನು ಅವರಾದೆ. ಗಲ್ಲ, ಹೆಗಲು, ಮಣಿಕಟ್ಟು, ಎಲ್ಲ ಬಂತು. ಕೈ ಮಾತ್ರ ಹ್ಯಾಂಡಲ್ ಬಿಟ್ಟು ಮುಂದೆ, ಗಾಳಿಯಲ್ಲಿ ಇಲ್ಲದ ಇನ್ನೊಂದು ಹ್ಯಾಂಡಲನ್ನು ಹಿಡಿಯಿತು. ನಾನು ಯೋಚಿಸಿ ಮಾಡಿದ್ದಲ್ಲ. ವೇಷ ಪೂರ್ತಿಯಾಗಬೇಕಾದರೆ ಕೈ ಅಲ್ಲಿಗೇ ಹೋಗಬೇಕಿತ್ತು.

“ಹಾಗೇ ಇರು, ಅಲುಗಬೇಡ!” ಅಂದಳು ಅಕ್ಕ. ಗಾಳಿಯಲ್ಲಿನ ನನ್ನ ಮುಷ್ಟಿಗೂ ನಿಜವಾದ ಹ್ಯಾಂಡಲಿಗೂ ನಡುವೆ ಟೇಪು ಹಿಡಿದಳು. ಮಾಮ ಅದನ್ನು ನೋಡಿದರು. ಒಳಗೆ ಹೋಗಿ ನೀಲಿಯ ಬಿಡಿಭಾಗಗಳ ಡಬ್ಬಿ ತಂದರು. ಹ್ಯಾಂಡಲನ್ನು ಮುಂದಕ್ಕೆ ಚಾಚಿ ಹಿಡಿಯುವ ಒಂದು ಉದ್ದದ ಕತ್ತು ಅದರಲ್ಲಿತ್ತು. ಅದನ್ನು ಕೂರಿಸಿ, ನೀಲಿಯ ಟಗರುಕೊಂಬನ್ನೇ ಬಿಚ್ಚಿ ಅದಕ್ಕೆ ಜೋಡಿಸಿದರು. “ಪೂರ್ತಿ ಅಲ್ಲದಿದ್ದರೂ ಅರ್ಧ ನೀಲಿ ಓಡಲಿ,” ಅಂದರು. ಸೀಟನ್ನು ತುಸು ಹಿಂದೆ ಸರಿಸಿದೆವು. ಹತ್ತಿದೆ. ಎರಡೂ ಅರ್ಧಗಳು ಒಟ್ಟಿಗೆ ಉಸಿರು ಬಿಟ್ಟವು.

ಇಳಿದು ದೂರ ನಿಂತು ನೋಡಿದೆ. ಗಿಡ್ಡ ನಡು, ಅಗತ್ಯಕ್ಕಿಂತ ಮುಂದಕ್ಕೆ ಚಾಚಿದ ಕೈ, ಕೆಳಗೊಂದು ಮೇಲೊಂದು ಯಾರದ್ದೋ ಸಾಮಾನು. ಲೋಕದಲ್ಲಿ ಅಂಥ ಸೈಕಲ್ ಇನ್ನೊಂದಿರಲಾರದು. ಎಲ್ಲರನ್ನೂ ಅಣಕಿಸಿ ತಿರುಗಿದ ನನ್ನನ್ನು ಮೊದಲ ಬಾರಿ ಯಾರಾದರೂ ಸರಿಯಾಗಿ ಅಣಕಿಸಿದ್ದರೆ ಅದು ಆ ಸೈಕಲ್ಲು.

ಪಂದ್ಯದ ಬೆಳಿಗ್ಗೆ ಭಟ್ಕಳದಲ್ಲಿ ಹೊರಡುವಾಗ ನನ್ನನ್ನು ನೋಡಲಿಕ್ಕೆಂದೇ ಬಂದವರು ಇದ್ದರು. ಸೈಕಲ್ ನೋಡಿಯೇ ಅರ್ಧ ನಗು ಆಗಿತ್ತು. ಮಿಕ್ಕ ಅರ್ಧವನ್ನು ನಾನು ತುಳಿಯುವುದಕ್ಕೆಂದು ಕಾದಿರಿಸಿಕೊಂಡಿದ್ದರು. ನಾನು ತುಳಿದೆ. ಸೊಂಟ ಅಲುಗಲಿಲ್ಲ. ಹಿಂದೆ ಒಂದು ಕ್ಷಣ ಏನೂ ಸದ್ದಿಲ್ಲ. ಆ ಮೌನ ಇವತ್ತಿಗೂ ನನ್ನ ಬೆನ್ನಿಗೆ ಗೊತ್ತು.

ಶಿರಾಲಿಯಲ್ಲಿ ಅಂಗಡಿಸಾಲಿನ ಮುಂದೆ ಜನ. ನಾನು ನಾಲ್ಕೈದು ಮಂದಿಯ ಗುಂಪಿನಲ್ಲಿ ತಲೆ ತಗ್ಗಿಸಿ ಹಾದುಹೋಗುವಾಗ ಒಬ್ಬಾತ ಇನ್ನೊಬ್ಬನನ್ನು ಕೇಳಿದ್ದು ಕಿವಿಗೆ ಬಿತ್ತು: “ತೊಟ್ಟಿಲು ಬರ್ಲಿಲ್ಲನಾ ಇನ್ನೂ?”

“ಹಿಂದಿರ್ಬೇಕು. ಬತ್ತದೆ, ತಡಿ.”

ನಾನೇ ಅದು ಅಂತ ಕೂಗಬೇಕೆನ್ನಿಸಿತು. ಬೇಕಾದದ್ದು ಸಿಕ್ಕಿತ್ತು, ಯಾರೂ ನಗುತ್ತಿರಲಿಲ್ಲ, ಏಕೆಂದರೆ ಯಾರಿಗೂ ನನ್ನ ಗುರುತು ಸಿಕ್ಕಿರಲಿಲ್ಲ. ಮಂಕಿ ಕಳೆಯುವವರೆಗೂ ಅದನ್ನೇ ಯೋಚಿಸುತ್ತ ತುಳಿದೆ. ಊರಿಗೆ ನಾನು ಅಂದರೆ ಆ ತೂಗಾಟ. ಅದನ್ನು ಕಳೆದುಕೊಂಡ ಮೇಲೆ ರಸ್ತೆಯಲ್ಲಿ ಹೋಗುತ್ತಿರುವವನು ಯಾರು? ಪೆಡಲ್ ಮಾತ್ರ ನಿಲ್ಲಿಸಲಿಲ್ಲ. ಕಾಲುಗಳು ಬಹಳ ಸುಖದಲ್ಲಿದ್ದವು.

ಶಿರಾಲಿಯವನೇ ಮತ್ತೆ ಗೆದ್ದ. ನಾನು ಮೊದಲೂ ಅಲ್ಲದ, ಕೊನೆಯೂ ಅಲ್ಲದ, ಯಾರೂ ನೆನಪಿಡದ ಒಂದು ಜಾಗದಲ್ಲಿ ಕಾಸರಕೋಡಿನ ದಡ ಮುಟ್ಟಿ, ಎರಡೂ ಪಾದಗಳನ್ನು ನೆಲದ ಮೇಲೆ ಪೂರ್ತಿ ಊರಿ ನಿಂತೆ. ಪಂದ್ಯದಲ್ಲಿ ನನಗೆ ಸಿಕ್ಕ ಬಹುಮಾನ ಅದು. ಆಚೆ ದಡದಿಂದ ಬಂದ ದೋಣಿಯಿಂದ ಅಕ್ಕನೂ ಮಾಮನೂ ಇಳಿದರು. ಮಾಮ ನನ್ನನ್ನು ಮಾತಾಡಿಸುವ ಮೊದಲು ಹ್ಯಾಂಡಲನ್ನು ಸವರಿದರು.

ಎಲ್ಲರೂ ಮರದ ನೆರಳಿನಲ್ಲಿ ಎಳನೀರು ಕುಡಿಯುತ್ತಿರುವಾಗ ಶಿರಾಲಿಯವನು ಎದ್ದ. “ಅವತ್ತು ಅಂಗಡೀಲಿ ಇವ ನನ್ನ ಅಣಕ ತೆಗ್ದಿದ್ದ. ಈಗ ನಾನು ಇವನ್ನ ತೆಗಿತೆ, ನೋಡಿ,” ಅಂದ. ದಡದ ಮೇಲೆ ಕವುಚಿ ಹಾಕಿದ್ದ ಪಾತಿ ದೋಣಿಯ ಬೆನ್ನೇರಿ ಕೂತ. ತೊಟ್ಟಿಲು ಬರುತ್ತದೆಂದು ನಾನು ಹಲ್ಲು ಕಚ್ಚಿದೆ. ಅವನು ತೂಗಲಿಲ್ಲ. ಗಿಡ್ಡಕ್ಕೆ ಕೂತು, ಎರಡೂ ಕೈ ಉದ್ದಕ್ಕೆ ಚಾಚಿ, ಹ್ಯಾಂಡಲ್ ಮೊದಲು ಊರು ಸೇರಲಿ, ತಾನು ಆಮೇಲೆ ಬರುತ್ತೇನೆ ಅನ್ನುವಂಥ ಮುಖ ಮಾಡಿ, ಗಲ್ಲ ಮುಂದಿಟ್ಟು ಕಾಲಾಡಿಸಿದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು. ನಾನು ನಗುವುದನ್ನು ಮರೆತು ನೋಡುತ್ತಿದ್ದೆ. ಓಹೋ, ತೊಟ್ಟಿಲಲ್ಲದ ನಾನು ಹೀಗಿದ್ದೇನೆ, ಅನ್ನಿಸಿತು. ಇಷ್ಟು ವರ್ಷ ಎಲ್ಲರನ್ನೂ ಇಷ್ಟು ಗಮನವಿಟ್ಟು ನೋಡಿದವನು ನನ್ನನ್ನು ಇವತ್ತೇ ನೋಡುತ್ತಿದ್ದೆ.

ಎಳನೀರಿನ ಕಾಯಿ ಕೆಳಗಿಟ್ಟು ದೋಣಿಯ ಹತ್ತಿರ ಹೋದೆ.

“ಚಲೋ ಆತು,” ಅಂದೆ. “ಮೊಣಕೈ ಮಾತ್ರ ಇನ್ನೂ ಚೂರು ಒಳಗೆ ತಗೋ.”